ಬೆಟ್ಟಕ್ಕೆ ಹೋಗಿ ಬಂದರೂ ಮನಸ್ಸು ತಿಳಿಯಾಗದಿದ್ದರೆ

ಪ್ರಶ್ನೆ: ನನಗೆ ಮೂವತ್ತಾರು ವರ್ಷ. ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವನು. ಈಗ ಬೆಂಗಳೂರಿನ ಸರ್ಜಾಪುರ ರಸ್ತೆಯ ಬಳಿ ವಾಸ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅಮೆರಿಕದ ತಂಡದ ಜೊತೆಗಿನ ಕರೆಗಳು ರಾತ್ರಿ ಹನ್ನೊಂದರವರೆಗೂ ನಡೆಯುತ್ತವೆ. ಕೆಲವು ವರ್ಷಗಳಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ಅದಕ್ಕೆಂದೇ ಬಿಡುವಾದಾಗಲೆಲ್ಲ ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಎಂದು ಹೋಗಿ ಬರುತ್ತೇನೆ. ಎರಡು ದಿನ ಹಾಯೆನಿಸಿದರೂ ಸೋಮವಾರ ಮತ್ತೆ ಅದೇ ಕಸಿವಿಸಿ. ಪ್ರಕೃತಿಯ ಮಡಿಲಲ್ಲಿ ನಮ್ಮನ್ನು ನಾವು ಕಂಡುಕೊಳ್ಳಬಹುದು ಎಂದು ಎಲ್ಲರೂ ಹೇಳುತ್ತಾರೆ. ನನಗೇಕೆ ಅದು ಸಾಧ್ಯವಾಗುತ್ತಿಲ್ಲ? ಇಡೀ ಆಯಸ್ಸನ್ನು ತೋಟದಲ್ಲೇ ಕಳೆದ ನನ್ನ ಅಪ್ಪ ಪ್ರಕೃತಿಯಿಂದ ನೆಮ್ಮದಿ ಸಿಕ್ಕಿತೆಂದು ಒಮ್ಮೆಯೂ ಹೇಳಿದವರಲ್ಲ. ಕೆಲಸ ಬಿಟ್ಟು, ಒಂದಿಷ್ಟು ಜಮೀನು ಕೊಂಡು ನೆಲೆಸುವುದೊಂದೇ ದಾರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ದಣಿದ ಮನಸ್ಸಿಗೆ ವಿಶ್ರಾಂತಿ ಬೇಕೆಂಬುದು ಒಂದು; ತನ್ನನ್ನು ತಾನು ಅರಿಯಬೇಕೆಂಬುದು ಇನ್ನೊಂದು; ಬದುಕುವ ಜಾಗವನ್ನೇ ಬದಲಿಸಬೇಕೆಂಬುದು ಮೂರನೆಯದು. ಮೂರಕ್ಕೂ ಪ್ರಕೃತಿಯೇ ಔಷಧಿ ಎಂದು ಹೇಳಿಬಿಡುವುದು ಸುಲಭ. ಆದರೆ ಆಪ್ತಸಮಾಲೋಚನೆಗೆ ಬರುವ ಅನೇಕರು ಇದೇ ಮಾತನ್ನು ನಂಬಿ, ಕಾಡು ಸುತ್ತಿ, ಕೊನೆಗೆ ತಮ್ಮಲ್ಲೇ ಏನೋ ಕೊರತೆ ಇದೆಯೆಂದು ಕುಗ್ಗಿರುವುದನ್ನು ನಾನು ನೋಡಿದ್ದೇನೆ. ನಿಮ್ಮಲ್ಲಿ ಅಂಥ ಕೊರತೆಯೇನೂ ಇಲ್ಲ. ನೀವು ಪ್ರಕೃತಿಯನ್ನು ನೋಡಲು ಹೋಗುತ್ತಿದ್ದೀರಿ, ಆದರೆ ಅದರ ಪರಿಚಯ ಬೆಳೆಸಿಕೊಳ್ಳಲು ಬೇಕಾದ ಬಿಡುವು ಮತ್ತು ಪುನರಾವರ್ತನೆ ನಿಮ್ಮ ಪ್ರವಾಸಗಳಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ.

ವಿಶ್ರಾಂತಿಯ ವಿಷಯದಲ್ಲಿ ಸಂಶೋಧನೆಗಳು ಸಾಕಷ್ಟು ಹೇಳಿವೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರೇಚೆಲ್ ಮತ್ತು ಸ್ಟೀಫನ್ ಕಪ್ಲಾನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ 1980ರ ದಶಕದಲ್ಲಿ ಮುಂದಿಟ್ಟ ವಿಚಾರ ಇಂದಿಗೂ ಈ ಕ್ಷೇತ್ರದ ಬುನಾದಿಯಾಗಿದೆ. ನಮ್ಮ ಗಮನದಲ್ಲಿ ಎರಡು ಬಗೆಯಿದೆ ಎಂದು ಅವರು ಹೇಳಿದರು. ಕೋಡ್ ಬರೆಯುವಾಗ, ಸಭೆಯಲ್ಲಿ ಕುಳಿತಾಗ, ಟ್ರಾಫಿಕ್‌ನಲ್ಲಿ ವಾಹನ ನಡೆಸುವಾಗ ನಾವು ಬೇಡದ್ದನ್ನೆಲ್ಲ ತಡೆಹಿಡಿದು ಬೇಕಾದ್ದರ ಮೇಲೆ ಮನಸ್ಸನ್ನು ಪ್ರಯತ್ನಪೂರ್ವಕವಾಗಿ ನಿಲ್ಲಿಸುತ್ತೇವೆ. ಈ ಶಕ್ತಿ ಬಳಸಿದಂತೆಲ್ಲ ದಣಿಯುತ್ತದೆ, ದಣಿದಾಗ ಸಿಡುಕು, ಮರೆವು, ಸಣ್ಣ ನಿರ್ಧಾರಕ್ಕೂ ತಡವರಿಕೆ ಕಾಣಿಸಿಕೊಳ್ಳುತ್ತವೆ. ಎಲೆಯ ಅಲುಗಾಟ, ಮೋಡದ ಚಲನೆ, ಹರಿಯುವ ನೀರಿನಂಥವು ಮಾತ್ರ ನಮ್ಮಿಂದ ಏನನ್ನೂ ಬೇಡದೆ ಗಮನವನ್ನು ಮೆಲ್ಲಗೆ ತಮ್ಮತ್ತ ಸೆಳೆಯುವುದರಿಂದ, ಆ ಹೊತ್ತಿನಲ್ಲಿ ದಣಿದ ಶಕ್ತಿ ಚೇತರಿಸಿಕೊಳ್ಳುತ್ತದೆ ಎಂಬುದು ಅವರ ವಾದ. 2008ರಲ್ಲಿ ಅದೇ ವಿಶ್ವವಿದ್ಯಾಲಯದ ಮಾರ್ಕ್ ಬರ್ಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಆನ್ ಆರ್ಬರ್ ಊರಿನ ಸಸ್ಯೋದ್ಯಾನದಲ್ಲಿ ಸುಮಾರು ಒಂದು ಗಂಟೆ ನಡೆದು ಬಂದವರು, ಅಂಕಿಗಳನ್ನು ಕೇಳಿ ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ ಸುಧಾರಣೆ ತೋರಿದರು. ಅದೇ ಜನ ಪೇಟೆಯ ರಸ್ತೆಯಲ್ಲಿ ಅಷ್ಟೇ ಹೊತ್ತು ನಡೆದಾಗ ಆ ಪ್ರಮಾಣದ ಸುಧಾರಣೆ ಕಾಣಲಿಲ್ಲ. ಈ ಅಧ್ಯಯನದಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವ ಅಂಶ ಬೇರೆಯೇ ಇದೆ: ನಡಿಗೆ ಎಷ್ಟು ಖುಷಿ ಕೊಟ್ಟಿತು ಎಂಬುದಕ್ಕೂ ಗಮನಶಕ್ತಿ ಎಷ್ಟು ಸುಧಾರಿಸಿತು ಎಂಬುದಕ್ಕೂ ನಂಟು ಕಾಣಲಿಲ್ಲ. ಕೊರೆಯುವ ಚಳಿಯಲ್ಲಿ ನಡೆದವರಿಗೂ ಪ್ರಯೋಜನವಾಗಿತ್ತು. ಆದ್ದರಿಂದ ಗಿಡಮರಗಳ ನಡುವೆ ಇರುವಾಗ 'ನನಗೀಗ ಸಂತೋಷವಾಗುತ್ತಿದೆಯೇ' ಎಂದು ಮತ್ತೆ ಮತ್ತೆ ಒಳಗೆ ಇಣುಕಿ ನೋಡುವ ಅಗತ್ಯವೇ ಇಲ್ಲ.

ಈಗ ನಿಮ್ಮ ಶನಿವಾರವನ್ನು ಈ ಬೆಳಕಿನಲ್ಲಿ ನೋಡಿ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಕರೆ ಮುಗಿಸಿ, ನಸುಕಿನಲ್ಲೇ ಎದ್ದು, ನೆಲಮಂಗಲದ ವಾಹನಸಾಲನ್ನು ದಾಟಿ, ಐದಾರು ಗಂಟೆ ಸ್ಟೀರಿಂಗ್ ಹಿಡಿದು, ಹೋಂಸ್ಟೇಯ ವಿಳಾಸ ಹುಡುಕಿ, ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಎದುರು ಬರುವ ಜೀಪುಗಳಿಗೆ ದಾರಿ ಬಿಟ್ಟು, 1,930 ಮೀಟರ್ ಎತ್ತರದ ಆ ತುದಿಯಲ್ಲಿ ಫೋಟೊ ತೆಗೆದು, ಅದನ್ನು ಯಾರಿಗೆ ಕಳುಹಿಸಬೇಕೆಂದು ಯೋಚಿಸುವ ಮನಸ್ಸು, ಕಚೇರಿಯಲ್ಲಿ ದಣಿದಿದ್ದ ಅದೇ ಶಕ್ತಿಯನ್ನು ಅಲ್ಲಿಯೂ ದುಡಿಸಿಕೊಂಡಿರುತ್ತದೆ. ನೋಡಿದ ಜಾಗ ಹಸಿರಾಗಿತ್ತು, ನೋಡಿದ ಬಗೆ ಮಾತ್ರ ಕಚೇರಿಯದೇ ಆಗಿತ್ತು. ಎರಡು ದಿನ ಹಾಯೆನಿಸಿದ್ದು ಸುಳ್ಳಲ್ಲ. ಅದರಲ್ಲಿ ಬಹುಪಾಲು ಕೆಲಸದಿಂದ ದೂರವಿದ್ದ ಹಾಯಿ, ಹಾಗಾಗಿ ಕೆಲಸಕ್ಕೆ ಮರಳಿದೊಡನೆ ಅದು ಕರಗುವುದು ಸಹಜ.

ಅಷ್ಟು ದೂರ ಹೋಗಲೇಬೇಕೆಂದೂ ಇಲ್ಲ. 2019ರಲ್ಲಿ ಇಂಗ್ಲೆಂಡಿನ ಸುಮಾರು ಇಪ್ಪತ್ತು ಸಾವಿರ ಜನರ ಮಾಹಿತಿಯನ್ನು ಆಧರಿಸಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಒಟ್ಟು 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತನ್ನು ಉದ್ಯಾನ, ಕಾಡು, ಕಡಲತೀರಗಳಲ್ಲಿ ಕಳೆಯುವವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆಯೆಂದು ಹೇಳುವ ಸಾಧ್ಯತೆ ಹೆಚ್ಚು ಎಂದು ಕಂಡುಬಂತು. ಆ ಎರಡು ಗಂಟೆ ಒಂದೇ ದಿನದ್ದೋ ನಾಲ್ಕೈದು ದಿನಗಳಲ್ಲಿ ಹಂಚಿಹೋದದ್ದೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಆರೋಗ್ಯವಾಗಿರುವವರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆ ಎಂಬ ಸಾಧ್ಯತೆಯೂ ಇರುವುದರಿಂದ ಇದನ್ನು ಔಷಧಿಯ ಪ್ರಮಾಣದಂತೆ ಓದಬಾರದು. ಆದರೂ, ಮನೆಯ ಹತ್ತಿರದ ಅರ್ಧ ಗಂಟೆಯನ್ನು ಕೀಳಾಗಿ ಕಾಣಬೇಕಿಲ್ಲ ಎಂಬಷ್ಟನ್ನು ಅದು ಹೇಳುತ್ತದೆ. ಸ್ಥಳೀಯರ ಒತ್ತಾಸೆಯಿಂದ ಪುನರುಜ್ಜೀವನಗೊಂಡ ಕೈಕೊಂಡ್ರಹಳ್ಳಿ ಕೆರೆ ನಿಮ್ಮ ಸರ್ಜಾಪುರ ರಸ್ತೆಯ ಪಕ್ಕದಲ್ಲೇ ಇದೆ. ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ಹೆಜ್ಜಾರ್ಲೆಗಳನ್ನು ನೋಡಲು ಅಲ್ಲಿ ಟಿಕೆಟ್ ಬೇಕಿಲ್ಲ, ರಜೆಯೂ ಬೇಕಿಲ್ಲ.

ಇನ್ನು ತನ್ನನ್ನು ತಾನು ಅರಿಯುವ ಮಾತು. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಚಲಾವಣೆಯಲ್ಲಿರುವ ಮಾತುಗಳಲ್ಲಿ ಹೆಚ್ಚಿನವು ನಿಮ್ಮಂಥವರಿಗೆ ಅನ್ಯಾಯ ಮಾಡುತ್ತವೆ. ಬೆಟ್ಟದ ತುದಿಯಲ್ಲಿ ಕಣ್ಣು ಮುಚ್ಚಿ ಕುಳಿತರೆ 'ನಾನು ಯಾರು' ಎಂಬುದಕ್ಕೆ ಉತ್ತರ ಹೊಳೆಯುತ್ತದೆ ಎಂಬ ನಿರೀಕ್ಷೆಯನ್ನು ದಯವಿಟ್ಟು ಬಿಟ್ಟುಬಿಡಿ. ಮರಕ್ಕೆ ನಿಮ್ಮ ಬಗ್ಗೆ ಏನೂ ತಿಳಿದಿಲ್ಲ, ಹೇಳಲು ಏನೂ ಇಲ್ಲ. ಅದರ ಬದುಕು ಅದರದು, ಮತ್ತು ನಿಮಗೆ ಅದರಿಂದ ಆಗುವ ಉಪಕಾರ ಇರುವುದು ಆ ನಿರ್ಲಿಪ್ತತೆಯಲ್ಲೇ. ದಿನವಿಡೀ ನಿಮ್ಮ ಸುತ್ತಲಿನ ಪ್ರತಿಯೊಂದೂ, ಅಂದರೆ ಮೇಲಧಿಕಾರಿಯ ಇಮೇಲ್, ವರ್ಷಾಂತ್ಯದ ಮೌಲ್ಯಮಾಪನ, ಸಂಬಂಧಿಕರ ಫೋನು, ಎಲ್ಲವೂ ನಿಮ್ಮನ್ನು ಕುರಿತೇ ಇರುತ್ತವೆ. ಕೆರೆಯ ಮೇಲಿನ ಮಿಂಚುಳ್ಳಿಯ ಲೋಕದಲ್ಲಿ ಮಾತ್ರ ನಿಮಗೆ ಯಾವ ಪಾತ್ರವೂ ಇಲ್ಲ.

2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರು ಮೂವತ್ತೆಂಟು ಜನರ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಹತ್ತಿರದ್ದು. ಓಕ್ ಮರಗಳಿರುವ ಹುಲ್ಲುಗಾವಲಿನಲ್ಲಿ ತೊಂಬತ್ತು ನಿಮಿಷ ನಡೆದವರಲ್ಲಿ, ತಮ್ಮ ಬಗೆಗಿನ ಬೇಸರದ ವಿಚಾರಗಳನ್ನೇ ಮೆಲುಕು ಹಾಕುವ ಪ್ರವೃತ್ತಿಯೂ, ಅದಕ್ಕೆ ಸಂಬಂಧಿಸಿದ ಮಿದುಳಿನ ಒಂದು ಭಾಗದ ಚಟುವಟಿಕೆಯೂ ಕಡಿಮೆಯಾಗಿದ್ದವು. ವಾಹನ ದಟ್ಟಣೆಯ ರಸ್ತೆಯಲ್ಲಿ ನಡೆದವರಲ್ಲಿ ಹಾಗಾಗಲಿಲ್ಲ. ಪ್ರಯೋಗ ಚಿಕ್ಕದು, ಆದರೆ ಅದು ತೋರಿಸುವ ದಿಕ್ಕನ್ನು ಗಮನಿಸಿ. ತನ್ನ ಬಗ್ಗೆ ಹೆಚ್ಚು ಯೋಚಿಸುವುದರಿಂದ ಅರಿವು ಹೆಚ್ಚುತ್ತದೆ ಎಂದು ನಾವು ಭಾವಿಸುತ್ತೇವೆ. ನನ್ನ ಅನುಭವದಲ್ಲಿ, ತನ್ನ ಬಗೆಗಿನ ಸತತ ವಟಗುಟ್ಟುವಿಕೆ ಸ್ವಲ್ಪ ಹೊತ್ತು ನಿಂತಾಗಲೇ ಮನುಷ್ಯನಿಗೆ ತನ್ನ ಸ್ವಭಾವ ಕಣ್ಣಿಗೆ ಬೀಳುವುದು.

ಅದು ಹೇಗೆಂದು ನಿಮ್ಮ ಬೀದಿಯ ಹೊಂಗೆ ಮರವೊಂದನ್ನು ಇಟ್ಟುಕೊಂಡೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಹೊಂಗೆಯಿಲ್ಲದ ಬೀದಿ ಅಪರೂಪ, ಆದ್ದರಿಂದ ಮರ ಹುಡುಕುವುದು ಕಷ್ಟವಾಗಲಾರದು. ವಾರಕ್ಕೆರಡು ಬಾರಿಯಾದರೂ, ಬೆಳಗಿನ ಹೊತ್ತು, ಫೋನನ್ನು ಮನೆಯಲ್ಲೇ ಬಿಟ್ಟು, ಅದೇ ಮರದ ಬಳಿ ಹದಿನೈದು ನಿಮಿಷ ನಿಲ್ಲಿ. ಹಿಂದಿನ ಸಲ ಕಾಣದೇ ಇದ್ದದ್ದೇನಾದರೂ ಇದ್ದರೆ ಮನೆಗೆ ಬಂದು ಒಂದೆರಡು ಸಾಲು ಬರೆದಿಡಿ. ಮೊದಲ ವಾರಗಳಲ್ಲಿ ನಿಮಗೆ ಏನೂ ಕಾಣುವುದಿಲ್ಲ. ಹಸಿರು ಎಲೆ, ಬೂದು ತೊಗಟೆ, ಅಷ್ಟೇ. ಐದನೇ ನಿಮಿಷಕ್ಕೆ ಕೈ ಫೋನು ಹುಡುಕುತ್ತದೆ, ಏಳನೇ ನಿಮಿಷಕ್ಕೆ ಇದರಿಂದ ಏನು ಲಾಭವೆಂಬ ಪ್ರಶ್ನೆ ಏಳುತ್ತದೆ, ಯಾರಾದರೂ ಹಾದುಹೋದರೆ ಅವರು ಏನೆಂದುಕೊಂಡಾರೋ ಎಂಬ ಸಂಕೋಚವಾಗುತ್ತದೆ. ಫಲವಿಲ್ಲದ ಹದಿನೈದು ನಿಮಿಷವನ್ನು ಸಹಿಸಲಾರದ, ಪ್ರತಿಯೊಂದಕ್ಕೂ ಸಾಧನೆಯ ಲೆಕ್ಕ ಕೇಳುವ, ಇತರರ ಕಣ್ಣಿನಿಂದಲೇ ತನ್ನನ್ನು ನೋಡಿಕೊಳ್ಳುವ ಆ ಮನಸ್ಸೇ ನೀವು ಹುಡುಕುತ್ತಿರುವ ಆತ್ಮಪರಿಚಯದ ಮೊದಲ ಪುಟ. ಅದು ಹಿತವಾದದ್ದಲ್ಲ. ಬೆಟ್ಟದ ತುದಿಯ ರೋಮಾಂಚನದಲ್ಲಿ ಅದು ಕಾಣುವುದೂ ಇಲ್ಲ, ಏಕೆಂದರೆ ಅಲ್ಲಿ ದೃಶ್ಯವೇ ಎಲ್ಲವನ್ನೂ ತುಂಬಿಬಿಟ್ಟಿರುತ್ತದೆ.

ತಿಂಗಳುಗಳು ಕಳೆದಂತೆ ಮರ ಕಾಣತೊಡಗುತ್ತದೆ. ಎಲೆಗಳ ಮೇಲೆ ಹುಳು ಕೊರೆದ ಬಿಳಿ ಗೆರೆಗಳು, ಎಲೆಯ ಮೇಲೆದ್ದ ಗಂಟುಗಳು, ತೊಗಟೆಯ ಮೇಲೆ ಇರುವೆ ಸಾಲು ಹಿಡಿಯುವ ಹಾದಿ ಗುರುತಿಗೆ ಸಿಗುತ್ತವೆ. ಫೆಬ್ರುವರಿ ಮಾರ್ಚಿನಲ್ಲಿ ಎಲೆ ಉದುರಿ, ಯುಗಾದಿಯ ಆಸುಪಾಸಿನಲ್ಲಿ ಹೊಳೆಯುವ ಎಳೆಹಸಿರು ತುಂಬಿಕೊಳ್ಳುತ್ತದೆ. ಏಪ್ರಿಲ್ ಮೇ ಹೊತ್ತಿಗೆ ಬಿಳಿ ನಸುಗೆಂಪು ಹೂಗಳು ಬುಡದಲ್ಲಿ ಹಾಸಿ ಬಿದ್ದಿರುತ್ತವೆ, ಮೇಲೆ ಜೇನುಹುಳುಗಳ ಸದ್ದು. ಆ ಹೂವು ಕಾಯಾಗಿ ಬಲಿಯಲು ಮತ್ತೆ ಬಹುಪಾಲು ವರ್ಷವೇ ಬೇಕು. ಪಕ್ಕದ ಬೀದಿಯ ಹೊಂಗೆ ಇನ್ನೂ ಬೋಳಾಗಿರುವಾಗ ನಿಮ್ಮದು ಚಿಗುರಿರಬಹುದು. ಒಂದೇ ಜಾತಿಯ ಎರಡು ಮರಗಳಿಗೆ ಒಂದೇ ವೇಳಾಪಟ್ಟಿ ಇಲ್ಲ ಎಂಬುದನ್ನು ಹೀಗೆ ಕಣ್ಣಾರೆ ಕಂಡವರು, ತಮ್ಮ ಓರಗೆಯವರ ಬಡ್ತಿಯನ್ನು ಸ್ವಲ್ಪ ಬೇರೆ ರೀತಿಯಲ್ಲಿ ನೋಡತೊಡಗಿದ್ದನ್ನು ನಾನು ಗಮನಿಸಿದ್ದೇನೆ. ಇದನ್ನು ಯಾರೂ ಅವರಿಗೆ ಉಪದೇಶಿಸಿರಲಿಲ್ಲ. ಬೇಕಿದ್ದರೆ ನಿಮ್ಮ ಟಿಪ್ಪಣಿಗಳನ್ನು ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಗೂ ಕೊಡಬಹುದು. ಒಂದು ಮರವನ್ನು ನೋಂದಾಯಿಸಿ, ಅದರ ಎಲೆ, ಹೂವು, ಕಾಯಿಗಳ ಸ್ಥಿತಿಯನ್ನು ವಾರಕ್ಕೊಮ್ಮೆ ದಾಖಲಿಸುವ ಈ ಕೆಲಸದಲ್ಲಿ ದೇಶದ ಶಾಲಾ ಮಕ್ಕಳೂ ತೊಡಗಿಕೊಂಡಿದ್ದಾರೆ. ನನ್ನ ಸಲಹೆಯೇನೆಂದರೆ, ಮೊದಲ ವರ್ಷ ಅದನ್ನೂ ಮಾಡಬೇಡಿ. ನಿಮಗೆ ಸದ್ಯಕ್ಕೆ ಯಾರಿಗೂ ವರದಿ ಒಪ್ಪಿಸಬೇಕಿಲ್ಲದ ಒಂದು ಕೆಲಸ ಬೇಕಾಗಿದೆ.

ಬೆಳಗಿನ ಹೊತ್ತು ಎಂದು ಹೇಳಿದ್ದಕ್ಕೆ ದೇಹದ ಕಾರಣವೂ ಇದೆ. ನಮ್ಮ ನಿದ್ರೆ ಎಚ್ಚರಗಳ ಗಡಿಯಾರವನ್ನು ಪ್ರತಿದಿನ ಸರಿಪಡಿಸುವುದು ಕಣ್ಣಿಗೆ ಬೀಳುವ ಬೆಳಕು. ಬೆಳಕಿನ ತೀವ್ರತೆಯನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಕಚೇರಿಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್‌ಗಳಷ್ಟಿದ್ದರೆ, ಮೋಡ ಕವಿದ ದಿನದಲ್ಲೂ ಬಯಲಿನ ಬೆಳಕು ಸಾವಿರಾರು ಲಕ್ಸ್ ಇರುತ್ತದೆ. ತಡರಾತ್ರಿಯವರೆಗೆ ಕಂಪ್ಯೂಟರಿನ ಮುಂದಿದ್ದು, ಬೆಳಗ್ಗೆ ಕಿಟಕಿಗೆ ಪರದೆ ಎಳೆದ ಕೋಣೆಯಲ್ಲಿ ಏಳುವವರ ಗಡಿಯಾರ ಹಿಂದೆ ಬೀಳುತ್ತದೆ. ನೀವು ಕಸಿವಿಸಿ ಎಂದು ಕರೆಯುತ್ತಿರುವುದರಲ್ಲಿ ಎಷ್ಟು ಪಾಲು ಮನಸ್ಸಿನದು, ಎಷ್ಟು ಪಾಲು ನಿದ್ರೆಗೆಟ್ಟ ದೇಹದ್ದು ಎಂಬುದನ್ನು ಈ ಅಭ್ಯಾಸ ಕೆಲವು ವಾರಗಳಲ್ಲಿ ಸ್ವಲ್ಪಮಟ್ಟಿಗೆ ಬಿಡಿಸಿ ತೋರಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹಿಡಿದಿಟ್ಟ ಸಾಲು ನಿಮ್ಮ ತಂದೆಯವರ ಕುರಿತದ್ದು. ಅವರು ಪ್ರಕೃತಿಯಿಂದ ನೆಮ್ಮದಿ ಸಿಕ್ಕಿತೆಂದು ಹೇಳಿಲ್ಲ ಎಂಬುದು ನನಗೆ ಆಶ್ಚರ್ಯವಲ್ಲ. ನೋಡುಗನಾಗಿ ಹೊರಗೆ ನಿಂತವನಿಗೆ ಮಾತ್ರ ಪ್ರಕೃತಿ ಎಂಬ ಒಟ್ಟಾರೆ ವಸ್ತುವೊಂದು ಕಾಣುತ್ತದೆ. ಒಳಗಿದ್ದವರಿಗೆ ಕಾಣುವುದು ತೋಟ, ಸೊಪ್ಪಿನ ಬೆಟ್ಟ, ಕಾನು, ಹಳ್ಳ, ಗಾಳಿಯ ದಿಕ್ಕು. ಅವರ ಗಮನ ವರ್ಷವಿಡೀ ಹೊರಗೆ ನೆಟ್ಟಿರುತ್ತದೆ, ಏಕೆಂದರೆ ಹಾಗಿರದಿದ್ದರೆ ಬೆಳೆ ಕೈಗೆ ಬರುವುದಿಲ್ಲ. ಮುಂಗಾರು ಹಿಡಿಯುವ ಮೊದಲೇ ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬೀಳಬೇಕು. ಸುಮಾರು ಒಂದೂವರೆ ತಿಂಗಳ ನಂತರ, ಮಳೆ ನಿಂತು ಹೊಳವಾಗುವ ಒಂದೆರಡು ದಿನ ಹಿಡಿದು, ಎರಡನೇ ಬಾರಿ ಹೊಡೆಯಬೇಕು. ಆ ಹೊಳವು ತಪ್ಪಿದರೆ ಕೊಳೆ ರೋಗ ಬಂದು ಎಳೆಗಾಯಿಗಳು ಉದುರುತ್ತವೆ. ಮರವೇರಿ ಔಷಧಿ ಹೊಡೆಯುವ ಕೊನೆಗಾರ ಸಿಗಬೇಕು, ಅವನು ಬರುವ ದಿನ ಮಳೆ ಬಿಡುವು ಕೊಡಬೇಕು. ಹೀಗೆ ಆಕಾಶ ನೋಡುವುದಕ್ಕೂ ನಾವು ಬೆಟ್ಟದ ಮೇಲೆ ನಿಂತು ಮೋಡ ನೋಡುವುದಕ್ಕೂ ಬಹಳ ಅಂತರವಿದೆ.

ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕವನ್ನು ನೀವು ಬಾಲ್ಯದಲ್ಲಿ ಕೇಳಿರುತ್ತೀರಿ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಹಿಡಿದು ಭರಣಿ, ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಮಳೆಗಾಲ ಸಾಗುತ್ತದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ', 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂಬಂಥ ಗಾದೆಗಳಲ್ಲಿ ಹವಾಮಾನದ ಅನುಭವವಿದೆ. ಅದಕ್ಕಿಂತ ಹೆಚ್ಚಾಗಿ, ಹದಿನಾಲ್ಕು ದಿನಕ್ಕೊಮ್ಮೆ ತಲೆಯೆತ್ತಿ ಸುತ್ತ ಏನು ಬದಲಾಗಿದೆಯೆಂದು ನೋಡುವ ಒಂದು ಶಿಸ್ತಿದೆ. ಇಂದು ಮುಂಗಾರಿನ ಲಯವೇ ಏರುಪೇರಾಗಿ ಈ ಲೆಕ್ಕಗಳು ಕೈಕೊಡುತ್ತಿರುವುದು ನಿಮ್ಮ ತಂದೆಯವರ ಪೀಳಿಗೆಗೆ ಬೆಳೆನಷ್ಟದ ಜೊತೆಗೆ ಇನ್ನೊಂದು ನಷ್ಟವನ್ನೂ ತಂದಿದೆ: ತಾವು ಬಲ್ಲೆವೆಂದುಕೊಂಡಿದ್ದ ಜಗತ್ತು ಪರಕೀಯವಾಗುತ್ತಿದೆ ಎಂಬ ಭಾವನೆ. ಮುಂದಿನ ಸಲ ಊರಿಗೆ ಹೋದಾಗ ಅವರನ್ನು ನೆಮ್ಮದಿಯ ಬಗ್ಗೆ ಕೇಳಬೇಡಿ. ಈ ವರ್ಷ ಎಲೆಚುಕ್ಕಿ ರೋಗ ತೋಟದ ಯಾವ ಕಡೆಯಿಂದ ಶುರುವಾಯಿತು, ಹಳ್ಳದ ನೀರು ಮೊದಲಿಗಿಂತ ಎಷ್ಟು ಬೇಗ ಇಳಿಯುತ್ತಿದೆ ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕುಳಿತುಕೊಳ್ಳಿ. ನೀವು ಹುಡುಕುತ್ತಿರುವ ನಂಟು ಯಾವ ರೂಪದಲ್ಲಿರುತ್ತದೆ ಎಂಬುದು ಆ ಮಾತಿನಲ್ಲಿ ಸಿಗುತ್ತದೆ.

ಆ ನಂಟಿನಲ್ಲಿ ಎಚ್ಚರವೂ ಸೇರಿದೆ. ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನಲ್ಲಿ ಬೇಸಿಗೆಯ ಭಯ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆಯೆಂದರೆ ಅಲ್ಲಿನವರು ಆ ಕಡೆಗೆ ಸೊಪ್ಪಿಗೆ, ದರಗಿಗೆ (ಒಣ ಎಲೆಗೆ) ಹೋಗುವುದನ್ನು ನಿಲ್ಲಿಸಿ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ, ಏಕೆಂದರೆ ಉಣುಗಿನ ಮೂಲಕ ಆ ರೋಗ ಮನುಷ್ಯರಿಗೆ ಹರಡುತ್ತದೆ. ಕೊಡಗಿನ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು ಉಳಿದು ಬಂದದ್ದೂ ಅಲ್ಲಿ ಕತ್ತಿಯಾಡಿಸಬಾರದೆಂಬ ಹಿಂಜರಿಕೆಯಿಂದ. ಭಯ, ಗೌರವ, ದುಡಿಮೆ, ಅವಲಂಬನೆ ಎಲ್ಲವೂ ಕೂಡಿದ ಸಂಬಂಧದಲ್ಲಿ ಮನುಷ್ಯನಿಗೆ ತನ್ನ ಅಳತೆ ತಿಳಿಯುತ್ತದೆ. ಹಿತವನ್ನಷ್ಟೇ ಆರಿಸಿಕೊಂಡ ವಾರಾಂತ್ಯಕ್ಕೆ ಆ ಬಲವಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಎರಡು ವಾರಗಳಿಗಿಂತ ಹೆಚ್ಚು ಕಾಲ ಬಹುತೇಕ ದಿನವಿಡೀ ಮನಸ್ಸು ಕುಗ್ಗಿದ್ದರೆ, ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಹಸಿವು ನಿದ್ರೆಗಳು ಕೆಟ್ಟಿದ್ದರೆ, ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ, ಮರದ ಬಳಿ ನಿಲ್ಲುವುದು ಅದಕ್ಕೆ ಚಿಕಿತ್ಸೆಯಲ್ಲ. ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆಯ ಜೊತೆಗೆ ಹಸಿರಿನ ನಡುವಿನ ನಡಿಗೆ ಖಂಡಿತ ನೆರವಾಗುತ್ತದೆ, ಅದರ ಬದಲಿಗೆ ಮಾತ್ರ ಅದನ್ನು ಇಟ್ಟುಕೊಳ್ಳಬಾರದು.

ಕೊನೆಯದಾಗಿ ಜಮೀನಿನ ಪ್ರಶ್ನೆ. 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಲು ದಾರಿಯಾಗಿದೆ; ಹಾಗಾಗಿ ನಗರದ ದಣಿವಿಗೆ ಎಕರೆ ಲೆಕ್ಕದಲ್ಲಿ ಪರಿಹಾರ ಹುಡುಕುವವರು ಹೆಚ್ಚಿದ್ದಾರೆ. ನಿಮಗೆ ಊರಿನಲ್ಲಿ ತೋಟವೇ ಇರುವಾಗ ಕೊಳ್ಳುವ ಆತುರ ಬೇಡ. ಈ ವರ್ಷದ ರಜೆಯನ್ನು ಪ್ರವಾಸಗಳಿಗೆ ಚೂರುಚೂರಾಗಿ ಹಂಚದೆ, ಆಷಾಢದ ಮಳೆಯಲ್ಲಿ ಒಟ್ಟಿಗೆ ಎರಡು ವಾರ ಊರಿನಲ್ಲಿರಿ. ಬೋರ್ಡೋ ಕಲಸುವುದರಲ್ಲಿ, ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟಿಸುವುದರಲ್ಲಿ, ಬಸಿಗಾಲುವೆ ಬಿಡಿಸುವುದರಲ್ಲಿ ಅಪ್ಪನ ಜೊತೆಗಿರಿ. ವಿದ್ಯುತ್ ಹೋಗಿ, ಬಟ್ಟೆ ಒಣಗದೆ, ಹೊರಗೆ ಹೋಗಲಾಗದ ದಿನಗಳನ್ನೂ ಅಲ್ಲಿಯೇ ಕಳೆಯಿರಿ. ಆಗಲೂ ಇಲ್ಲಿರಬೇಕೆನಿಸಿದರೆ ಆ ಆಸೆಯನ್ನು ಗಂಭೀರವಾಗಿ ತೆಗೆದುಕೊಂಡು, ತೋಟದ ಆದಾಯ ಖರ್ಚುಗಳನ್ನು ಅಪ್ಪನ ಮುಂದೆ ಬಿಚ್ಚಿಟ್ಟು ಮಾತನಾಡಿ.

ಆದರೆ ಅದಕ್ಕೂ ಮೊದಲು ಮಾಡಬೇಕಾದದ್ದು ಒಂದಿದೆ, ಮತ್ತು ಅದು ಕಾಡಿಗೂ ತೋಟಕ್ಕೂ ಸಂಬಂಧಿಸಿದ್ದಲ್ಲ. ರಾತ್ರಿ ಹನ್ನೊಂದರ ಕರೆಗಳು ವಾರಕ್ಕೆ ಐದು ದಿನವೂ ಇರಲೇಬೇಕೇ ಎಂದು ನಿಮ್ಮ ಮ್ಯಾನೇಜರ್ ಜೊತೆ ಕುಳಿತು ಮಾತನಾಡಿ. ತಂಡದವರು ಸರದಿಯಂತೆ ಹಂಚಿಕೊಂಡರೆ ವಾರದಲ್ಲಿ ಎರಡು ಮೂರು ರಾತ್ರಿಗಳಾದರೂ ನಿಮಗೆ ಸಿಗುತ್ತವೆ, ಅವುಗಳ ಮರುದಿನ ಬೆಳಗ್ಗೆ ಕೆರೆಯ ದಂಡೆಗೆ ಹೋಗಲು ದೇಹದಲ್ಲಿ ತ್ರಾಣವಿರುತ್ತದೆ. ಈ ಮಾತುಕತೆಯನ್ನು ಇದೇ ತಿಂಗಳು ನಡೆಸಿ, ಬೀದಿಯ ಹೊಂಗೆಯನ್ನು ಅದೇ ವಾರದಿಂದ ನೋಡತೊಡಗಿ. ಕೆಲಸ ಬಿಡುವ ವಿಚಾರವನ್ನು ಆಷಾಢ ಕಳೆಯುವವರೆಗೆ ಮುಂದೂಡಿ.